ಓದುಗರ ಪ್ರಶ್ನೆ, ನಮ್ಮ ಉತ್ತರ: ಪೆಲೊಪೊನೀಸಿನ ಹಳೆಯ ಊರುಗಳು

ಗ್ರೀಸ್ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಬಾರಿ ಆ ದೇಶದ ದಕ್ಷಿಣ ಭಾಗವಾದ ಪೆಲೊಪೊನೀಸಿಗೆ ಸಂಬಂಧಿಸಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಮೇ ತಿಂಗಳಲ್ಲಿ ಮಗಳ ಜೊತೆ ಗ್ರೀಸಿಗೆ ಹೊರಟಿದ್ದೇವೆ. ಟ್ರಾವೆಲ್ಸ್‌ನವರು ಸಾಂಟೊರಿನಿ, ಮಿಕೊನೊಸ್ ದ್ವೀಪಗಳನ್ನೇ ಹೇಳುತ್ತಿದ್ದಾರೆ. ನಮಗೆ ಸಮುದ್ರಸ್ನಾನದ ಹಂಬಲವಿಲ್ಲ. ಹಳೆಯ ಊರು, ಗುಡಿ, ಕೋಟೆಗಳೆಂದರೆ ಇಷ್ಟ. ಅಥೆನ್ಸಿಗೆ ಎರಡು ದಿನ ಕೊಟ್ಟ ಮೇಲೆ ಐದು ದಿನ ಉಳಿಯುತ್ತವೆ. ಎಲ್ಲಿಗೆ ಹೋಗುವುದು ಒಳ್ಳೆಯದು? (ದಾವಣಗೆರೆ)

ಉತ್ತರ: ಆ ಐದು ದಿನಗಳನ್ನು ಪೂರ್ತಿಯಾಗಿ ಪೆಲೊಪೊನೀಸಿಗೆ ಕೊಡಿ, ಅದರಲ್ಲಿ ಮೂರು ರಾತ್ರಿ ನಾಫ್ಪ್ಲಿಯೊದಲ್ಲಿ ತಂಗಿ. ಅಥೆನ್ಸಿನಿಂದ ಸುಮಾರು 140 ಕಿ.ಮೀ. ದೂರದಲ್ಲಿ, ಕೊಲ್ಲಿಯ ದಡದಲ್ಲಿರುವ ಈ ಸಣ್ಣ ಊರಿನಿಂದ ಮಿಕೇನೆ, ತಿರಿನ್ಸ್, ಎಪಿಡೌರಸ್ ಈ ಮೂರೂ ಸ್ಥಳಗಳು ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ. ದಿನವೂ ಪೆಟ್ಟಿಗೆ ಕಟ್ಟಿ ಹೋಟೆಲು ಬದಲಿಸುವ ಕಷ್ಟ ತಪ್ಪುತ್ತದೆ. ಅರವತ್ತು ದಾಟಿದವರಿಗೆ ಇದು ಸಣ್ಣ ಅನುಕೂಲವೇನಲ್ಲ. ಉಳಿದ ಎರಡು ದಿನಗಳಿಗೆ ಪುರಾತನ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾ ಅಥವಾ ಗುಡ್ಡದ ಮೇಲಿನ ಹಾಳೂರಾದ ಮಿಸ್ತ್ರಾಸ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಐದು ದಿನಗಳಲ್ಲಿ ಎರಡನ್ನೂ ಮುಗಿಸುತ್ತೇವೆಂದು ಹೊರಟವರು ಕೊನೆಗೆ ನೋಡುವುದು ಗುಡ್ಡಗಾಡಿನ ತಿರುವು ರಸ್ತೆಗಳನ್ನು ಮಾತ್ರ.

ಪೆಲೊಪೊನೀಸ್ ಎಂದರೆ ಗ್ರೀಕ್ ಪುರಾಣದ ರಾಜನಾದ ಪೆಲೊಪ್ಸನ ದ್ವೀಪ ಎಂದು ಅರ್ಥ. ಹೆಸರಿನಲ್ಲಿ ದ್ವೀಪವಾದರೂ ಅದು ಕೊರಿಂತ್ ಬಳಿಯ ಕಿರಿದಾದ ನೆಲದ ಪಟ್ಟಿಯಿಂದ ಮುಖ್ಯ ಭೂಭಾಗಕ್ಕೆ ಅಂಟಿಕೊಂಡ ಪರ್ಯಾಯದ್ವೀಪವಾಗಿತ್ತು. ಆ ಪಟ್ಟಿಯನ್ನೂ ಮನುಷ್ಯರು ಕಡಿದು ಕಾಲುವೆ ಮಾಡಿದ ಮೇಲೆ, ಹೆಸರಿಗೆ ತಕ್ಕಂತೆ ನಿಜವಾಗಿಯೂ ದ್ವೀಪದಂತಾಯಿತು.

ಸಮಯದ ಬಗ್ಗೆ ಒಂದು ಮಾತು. ಮೇ ಒಳ್ಳೆಯ ಆಯ್ಕೆ. ಆದರೆ ಮೇ 1ರಂದು ಪುರಾತತ್ತ್ವ ಸ್ಥಳಗಳಿಗೆಲ್ಲ ರಜೆ. ಆರ್ಥಡಾಕ್ಸ್ ಈಸ್ಟರ್ ಭಾನುವಾರವೂ ಹಾಗೆಯೇ, ಮತ್ತು ಅದು ಕೆಲವು ವರ್ಷ ಮೇ ತಿಂಗಳಲ್ಲೇ ಬೀಳುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಪಂಚಾಂಗ ನೋಡಿಕೊಳ್ಳಿ. ಇನ್ನು, ಪ್ರತಿ ಸ್ಥಳಕ್ಕೂ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಅಥೆನ್ಸಿನಿಂದ ಹೊರಡುವ ಪ್ರವಾಸಿ ಬಸ್ಸುಗಳು ಮಿಕೇನೆ ತಲುಪುವಷ್ಟರಲ್ಲಿ ನೀವು ನೋಡಿ ಮುಗಿಸಿ, ಕೆಳಗಿನ ಹಳ್ಳಿಯಲ್ಲಿ ಕಾಫಿ ಕುಡಿಯುತ್ತಿರಬಹುದು. ಆ ಬೆಟ್ಟದ ಮೇಲೆ ನೆರಳೆಂಬುದು ಇಲ್ಲವೇ ಇಲ್ಲ ಎನ್ನಬೇಕು.

ಪ್ರಶ್ನೆ: ಮಿಕೇನೆಯ ಸಿಂಹದ್ವಾರದ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿದ್ದೇನೆ. ಆ ಸಿಂಹಗಳಿಗೆ ತಲೆ ಏಕಿಲ್ಲ? ಅಲ್ಲಿ ಸಿಕ್ಕ ಚಿನ್ನದ ಮುಖವಾಡ ನಿಜವಾಗಿಯೂ ಅಗಮೆಮ್ನಾನನದೇ? (ಇತಿಹಾಸ ವಿದ್ಯಾರ್ಥಿನಿ, ಮೈಸೂರು)

ಉತ್ತರ: ತಲೆಗಳನ್ನು ಬೇರೆಯಾಗಿ ಮಾಡಿ ಜೋಡಿಸಿದ್ದರು. ಕುತ್ತಿಗೆಯ ಭಾಗದಲ್ಲಿ ಗೂಟ ಸೇರಿಸಲು ಕೊರೆದ ರಂಧ್ರಗಳಿವೆ. ಬೇರೆ ಬಗೆಯ ಕಲ್ಲಿನಲ್ಲೋ ಲೋಹದಲ್ಲೋ ಮಾಡಿದ್ದ ಆ ತಲೆಗಳು ಬಹುಶಃ ಒಳಬರುವವರತ್ತ ಮುಖ ಮಾಡಿದ್ದವು. ಅವು ಯಾವಾಗಲೋ ಕಳೆದುಹೋದವು. ಅವು ಸಿಂಹಗಳೋ ಸಿಂಹಿಣಿಯರೋ ಎಂಬ ಚರ್ಚೆಯೂ ವಿದ್ವಾಂಸರಲ್ಲಿ ಉಂಟು.

ನೀವು ಇತಿಹಾಸದ ವಿದ್ಯಾರ್ಥಿನಿಯಾದ್ದರಿಂದ ಇನ್ನೊಂದು ಸಂಗತಿಯತ್ತ ಗಮನ ಸೆಳೆಯಬಯಸುತ್ತೇನೆ. ಆ ಶಿಲ್ಪ ಅಲ್ಲಿರುವುದು ಅಲಂಕಾರಕ್ಕೆ ಮಾತ್ರವಲ್ಲ. ಬಾಗಿಲಿನ ಮೇಲೆ ಅಡ್ಡಲಾಗಿ ಹಾಸಿದ ತೊಲೆಗಲ್ಲು ಸುಮಾರು ಇಪ್ಪತ್ತು ಟನ್ ತೂಗುತ್ತದೆ. ಅದರ ಮೇಲೆ ಗೋಡೆಯ ಪೂರ್ಣ ಭಾರ ಬಿದ್ದರೆ ಅದು ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಕಟ್ಟಿದವರು ತೊಲೆಗಲ್ಲಿನ ಮೇಲೆ ಎರಡೂ ಕಡೆಯಿಂದ ಕಲ್ಲುಗಳನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಚಾಚುತ್ತ ಬಂದು ತ್ರಿಕೋನಾಕಾರದ ಖಾಲಿ ಜಾಗವನ್ನು ಬಿಟ್ಟರು. ಭಾರವೆಲ್ಲ ಪಕ್ಕದ ಗೋಡೆಗಳಿಗೆ ಇಳಿಯಿತು. ಆ ಖಾಲಿ ತ್ರಿಕೋನವನ್ನು ಮುಚ್ಚಲು ಇಟ್ಟ ತೆಳುವಾದ ಚಪ್ಪಡಿಯ ಮೇಲೆ ಕಂಬದ ಇಕ್ಕೆಲಗಳಲ್ಲಿ ನಿಂತ ಎರಡು ಪ್ರಾಣಿಗಳನ್ನು ಕೆತ್ತಿದರು. ಕ್ರಿ.ಪೂ. 1250ರ ಆಸುಪಾಸಿನ ಈ ಕೆಲಸವನ್ನು ನೋಡುವಾಗ ಶಿಲ್ಪಿಯಷ್ಟೇ ಗೋಡೆ ಕಟ್ಟಿದ ಮೇಸ್ತ್ರಿಯನ್ನೂ ನೆನೆಯಬೇಕು. ಅಷ್ಟು ದೊಡ್ಡ ಬಂಡೆಗಳನ್ನು ಮನುಷ್ಯರು ಎತ್ತಿರಲು ಸಾಧ್ಯವೇ ಇಲ್ಲವೆಂದು ನಂಬಿದ ಮುಂದಿನ ಕಾಲದ ಗ್ರೀಕರು, ಒಕ್ಕಣ್ಣಿನ ದೈತ್ಯರಾದ ಸೈಕ್ಲೋಪರು ಈ ಕೋಟೆಯನ್ನು ಕಟ್ಟಿದರೆಂದು ಕಥೆ ಹೇಳಿದರು. ಇಂದಿಗೂ ಅಂಥ ಗೋಡೆಗಳಿಗೆ ಸೈಕ್ಲೋಪರ ಗೋಡೆಗಳೆಂದೇ ಹೆಸರು. ನಮ್ಮಲ್ಲಿ ಕಲ್ಲು ದೊಡ್ಡದಿದ್ದರೆ ಅದು ಭೀಮನ ಕೆಲಸವಾಗುವುದಿಲ್ಲವೇ, ಹಾಗೆ.

ಇನ್ನು ಮುಖವಾಡದ ವಿಚಾರ. ಅಗಮೆಮ್ನಾನನೆಂದರೆ ಟ್ರಾಯ್ ಯುದ್ಧದಲ್ಲಿ ಗ್ರೀಕ್ ಸೇನೆಯನ್ನು ನಡೆಸಿದನೆಂದು ಕಾವ್ಯಗಳು ಹೇಳುವ ಮಿಕೇನೆಯ ರಾಜ. ಜರ್ಮನಿಯ ಪುರಾತತ್ತ್ವ ಅನ್ವೇಷಕ ಹೈನ್ರಿಕ್ ಶ್ಲೀಮನ್ 1876ರಲ್ಲಿ ಸಿಂಹದ್ವಾರದ ಒಳಗೆ, ಬಲಕ್ಕೆ ಸಿಗುವ ವೃತ್ತಾಕಾರದ ಸ್ಮಶಾನದಲ್ಲಿ ಅಗೆಸಿದಾಗ ಆಳವಾದ ಗೋರಿಗಳಲ್ಲಿ ಚಿನ್ನದ ರಾಶಿಯೇ ಸಿಕ್ಕಿತು. ಅಗಮೆಮ್ನಾನನ ಮುಖವನ್ನೇ ಕಂಡೆನೆಂದು ಅವನು ತಂತಿ ಕಳುಹಿಸಿದನೆಂಬ ಕಥೆ ಬಹಳ ಪ್ರಸಿದ್ಧ. ಆ ಮಾತುಗಳಲ್ಲಿ ಅವನು ತಂತಿ ಕೊಟ್ಟಿರಲಿಲ್ಲ. ಗೋರಿಗಳ ಕಾಲ ಕ್ರಿ.ಪೂ. ಹದಿನಾರನೆಯ ಶತಮಾನ. ಟ್ರಾಯ್ ಯುದ್ಧವೆಂಬುದು ನಡೆದಿದ್ದರೆ ಅದಕ್ಕೆ ಸಾಂಪ್ರದಾಯಿಕವಾಗಿ ಹೇಳುವ ಕಾಲಕ್ಕಿಂತ ಇದು ಸುಮಾರು ಮುನ್ನೂರು ವರ್ಷ ಹಿಂದಿನದು. ಹೀಗಾಗಿ ಆ ಮುಖವಾಡ ಯಾರೋ ಒಬ್ಬ ಅರಸನದು, ಅಗಮೆಮ್ನಾನನದಲ್ಲ. ಮೂಲ ಮುಖವಾಡ ಇರುವುದು ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ. ಆದ್ದರಿಂದ ಮೊದಲು ಅದನ್ನು ನೋಡಿ, ಆಮೇಲೆ ಮಿಕೇನೆಗೆ ಹೋಗಿ. ಆ ಚಿನ್ನ ಬಂದದ್ದು ಈ ಬರಿದಾದ ಗುಂಡಿಗಳಿಂದ ಎಂದು ತಿಳಿದು ನಿಂತರೆ ಗುಂಡಿಗಳಿಗೂ ಅರ್ಥ ಬರುತ್ತದೆ.

ಅಗಮೆಮ್ನಾನನ ತಂದೆ ಅಟ್ರಿಯಸ್‌ನ ಖಜಾನೆ ಎಂದು ಕರೆಯುವ ಗೋರಿಯನ್ನು ದಯವಿಟ್ಟು ತಪ್ಪಿಸಬೇಡಿ. ಕೋಟೆಯಿಂದ ಅರ್ಧ ಕಿಲೋಮೀಟರಿನಷ್ಟು ಕೆಳಗೆ, ರಸ್ತೆಯ ಬದಿಯಲ್ಲಿದೆ. ಕೋಟೆಯ ಟಿಕೆಟ್ಟೇ ಅಲ್ಲಿಯೂ ನಡೆಯುತ್ತದೆ. ಅದು ಖಜಾನೆಯೂ ಅಲ್ಲ, ಅಟ್ರಿಯಸ್‌ನದೆಂಬುದಕ್ಕೆ ಆಧಾರವೂ ಇಲ್ಲ. 36 ಮೀಟರ್ ಉದ್ದದ, ಎರಡೂ ಬದಿ ಕಲ್ಲು ಕಟ್ಟಿದ ಹಾದಿಯಲ್ಲಿ ನಡೆದು ಒಳಹೊಕ್ಕರೆ ಜೇನುಗೂಡಿನಾಕಾರದ ಕತ್ತಲೆಯ ಕೋಣೆ. ಎತ್ತರ ಹದಿಮೂರು ಮೀಟರಿಗೂ ಮಿಕ್ಕಿ, ಅಡ್ಡಳತೆ ಹದಿನಾಲ್ಕೂವರೆ ಮೀಟರ್. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತನ್ನು ಒಳಕ್ಕೆ ಚಾಚಿ, ಚಾಚಿದ ಅಂಚನ್ನು ಸವರಿ ನಯಮಾಡಿ, ಮೂವತ್ಮೂರು ಸುತ್ತುಗಳಲ್ಲಿ ಮೇಲಿನ ಬಿಂದುವಿಗೆ ತಲುಪಿಸಿದ್ದಾರೆ. ಹೊಯ್ಸಳ ಗುಡಿಗಳ ಮಂಟಪದಲ್ಲಿ ಕತ್ತೆತ್ತಿ ಭುವನೇಶ್ವರಿಯನ್ನು ನೋಡಿದವರಿಗೆ ಈ ಚಾಚುಗಲ್ಲಿನ ಉಪಾಯ ಕೂಡಲೇ ಹೊಳೆಯುತ್ತದೆ. ಬಾಗಿಲ ಮೇಲಿನ ಒಳಗಿನ ತೊಲೆಗಲ್ಲಿನ ತೂಕ ಸುಮಾರು 120 ಟನ್. ಬಾಗಿಲ ಇಕ್ಕೆಲದಲ್ಲಿದ್ದ ಹಸಿರು ಕಲ್ಲಿನ ಕಂಬಗಳ ಭಾಗಗಳನ್ನು ನೋಡಬೇಕೆಂದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು. ನಾನು ಹೋಗಿದ್ದ ಬೆಳಿಗ್ಗೆ ಒಳಗೆ ಬೇರೆ ಯಾರೂ ಇರಲಿಲ್ಲ. ಎಲ್ಲೋ ಮೇಲೆ ಕಲ್ಲಿನ ಸಂದಿಯಲ್ಲಿದ್ದ ಜೇನ್ನೊಣಗಳ ಝೇಂಕಾರ ಆ ಗೋಪುರದ ಗೋಡೆಗಳಿಗೆ ತಾಗಿ ತಂಬೂರಿಯ ಶ್ರುತಿಯಂತೆ ಎಡೆಬಿಡದೆ ಕೇಳುತ್ತಿತ್ತು.

ಪ್ರಶ್ನೆ: ಎಪಿಡೌರಸ್ ರಂಗಮಂದಿರದ ನಡುವೆ ನಾಣ್ಯ ಬೀಳಿಸಿದರೆ ಕೊನೆಯ ಸಾಲಿಗೂ ಕೇಳುತ್ತದಂತೆ. ಇದು ನಮ್ಮ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಂಥದ್ದೇ ಚಮತ್ಕಾರವೇ? (ವಿಜಯಪುರ)

ಉತ್ತರ: ಎರಡೂ ಸದ್ದಿನ ಸೋಜಿಗಗಳೇ, ಆದರೆ ಹಿಂದಿನ ಕಾರಣ ಒಂದೇ ಅಲ್ಲ. ಗೋಲಗುಮ್ಮಟದಲ್ಲಿ ಸದ್ದು ಮುಚ್ಚಿದ ಗುಮ್ಮಟದ ಬಾಗಿದ ಗೋಡೆಗಳಿಗೆ ಬಡಿದು ಮರಳಿ ಮರಳಿ ಬರುತ್ತದೆ. ಅಲ್ಲಿ ಪ್ರತಿಧ್ವನಿಯೇ ಆಟ. ರಂಗಮಂದಿರಕ್ಕೆ ಪ್ರತಿಧ್ವನಿಯೆಂದರೆ ಶತ್ರು. ಒಂದು ಮಾತು ಏಳು ಸಲ ಕೇಳಿದರೆ ನಾಟಕ ನಡೆಯುವುದೆಂತು? ಎಪಿಡೌರಸಿನ ರಂಗ ಬೆಟ್ಟದ ಇಳಿಜಾರಿನಲ್ಲಿ ಬೀಸಣಿಗೆಯಂತೆ ಹರಡಿದ, ಮೇಲೆ ಆಕಾಶಕ್ಕೆ ತೆರೆದ ಸುಣ್ಣಕಲ್ಲಿನ ಮೆಟ್ಟಿಲಾಸನ. ಕೆಳಗೆ 34, ಮೇಲೆ 21, ಒಟ್ಟು 55 ಸಾಲು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಕ್ರಿ.ಪೂ. ನಾಲ್ಕನೆಯ ಶತಮಾನದ ಈ ಕಟ್ಟಡವನ್ನು ಕಿರಿಯ ಪೊಲಿಕ್ಲೀಟಸ್ ಎಂಬವನು ಕಟ್ಟಿದನೆಂದು ಪ್ರಾಚೀನ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ.

ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 2007ರಲ್ಲಿ ಒಂದು ವಿವರಣೆ ಕೊಟ್ಟರು. ಸಾಲುಸಾಲಾದ ಕಲ್ಲಿನ ಆಸನಗಳು ಜರಡಿಯಂತೆ ಕೆಲಸ ಮಾಡುತ್ತವೆ: ಜನರ ಗುಜುಗುಜು, ಮರಗಳ ಮೊರೆತದಂಥ ತಗ್ಗಿದ ಶ್ರುತಿಯ ಸದ್ದುಗಳು ಅಡಗುತ್ತವೆ, ನಟನ ಮಾತಿನ ಏರುಶ್ರುತಿಯ ಭಾಗ ಉಳಿದು ಸಾಗುತ್ತದೆ. ಹತ್ತು ವರ್ಷಗಳ ಅನಂತರ ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ಸಂಶೋಧಕರು ಅಲ್ಲಿ ನೂರಾರು ಕಡೆ ಅಳತೆ ಮಾಡಿ, ಗೈಡುಗಳು ಹೇಳುವಷ್ಟು ಪವಾಡವೇನಿಲ್ಲವೆಂದರು. ನಾಣ್ಯ ಬಿದ್ದದ್ದು ಕೊನೆಯ ಸಾಲಿಗೆ ಏನೋ ಸದ್ದೆಂದು ಕೇಳುತ್ತದೆ, ಅದು ನಾಣ್ಯವೆಂದು ಗುರುತು ಸಿಗುವುದು ಅರ್ಧ ದೂರದವರೆಗೆ ಮಾತ್ರ. ಪಿಸುಮಾತು ಮುಂದಿನ ಸಾಲುಗಳನ್ನು ದಾಟುವುದಿಲ್ಲ. ಗಟ್ಟಿಯಾಗಿ ಆಡಿದ ಮಾತು ಮಾತ್ರ ತುದಿಯವರೆಗೂ ಸ್ಪಷ್ಟ. ನನಗೇನೋ ಈ ಎರಡನೆಯ ಫಲಿತಾಂಶವೇ ಹೆಚ್ಚು ಹಿಡಿಸಿತು. ಧ್ವನಿವರ್ಧಕವಿಲ್ಲದೆ ಬಯಲಿನಲ್ಲಿ ಒಬ್ಬ ನಟ ಹನ್ನೆರಡು ಸಾವಿರ ಜನರಿಗೆ ಕೇಳುವಂತೆ ಮಾತಾಡಬಲ್ಲ ಎಂಬುದು ನಾಣ್ಯದ ಕಸರತ್ತಿಗಿಂತ ದೊಡ್ಡದು. ನೀವು ಹೋದಾಗ ರಂಗದ ನಡುವಿನ ದುಂಡುಗಲ್ಲಿನ ಮೇಲೆ ನಿಂತು ಚಪ್ಪಾಳೆ ಹೊಡೆಯಲು ಸಾಲುಗಟ್ಟಿದ ಜನರಿರುತ್ತಾರೆ. ಅವರನ್ನು ಅಲ್ಲೇ ಬಿಟ್ಟು ಮೇಲಿನ ಸಾಲಿಗೆ ಹತ್ತಿ ಕುಳಿತುಕೊಳ್ಳಿ. ಕೇಳುವ ಸುಖ ಮೇಲಿದೆ.

ಜುಲೈ, ಆಗಸ್ಟ್ ತಿಂಗಳ ವಾರಾಂತ್ಯದ ರಾತ್ರಿಗಳಲ್ಲಿ ಅಲ್ಲಿ ಇಂದಿಗೂ ನಾಟಕಗಳು ನಡೆಯುತ್ತವೆ. ಈ ಉತ್ಸವ 1955ರಿಂದ ನಡೆದುಬಂದಿದೆ. ಆಡುವುದು ಹೊಸಗ್ರೀಕಿನಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಕಲ್ಲಿನ ಮೇಲೆ ಎರಡು ತಾಸು ಕೂರಬೇಕಾದ್ದರಿಂದ ದಿಂಬಿನ ವ್ಯವಸ್ಥೆ ಮಾಡಿಕೊಳ್ಳಿ.

ಮತ್ತೊಂದು ಎಚ್ಚರಿಕೆ. ಎಪಿಡೌರಸ್ ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಊರುಗಳಿವೆ. ರಂಗಮಂದಿರವಿರುವುದು ಲಿಗುರಿಯೊ ಎಂಬ ಹಳ್ಳಿಯ ಬಳಿಯ ಅಸ್ಕ್ಲೇಪಿಯಸ್ ಕ್ಷೇತ್ರದಲ್ಲಿ. ಹಳೆಯ ಎಪಿಡೌರಸ್ ಎಂಬುದು ಬೇರೆಯೇ ಆದ, ಕಡಲತಡಿಯ ಊರು. ನಾನು ಮೊದಲ ಸಲ ಬಸ್ಸಿನಲ್ಲಿ ಹೋದಾಗ ಹೆಸರು ಕೇಳಿದೊಡನೆ ಇಳಿದು, ಕಿತ್ತಲೆ ತೋಟಗಳ ನಡುವೆ ಮೀನುದೋಣಿಗಳನ್ನು ನೋಡುತ್ತ ನಿಂತೆ. ಅಲ್ಲಿಯೂ ಒಂದು ಪುಟ್ಟ ಪ್ರಾಚೀನ ರಂಗಮಂದಿರವಿದ್ದುದರಿಂದ ಅರ್ಧ ದಿನ ಪೂರ್ತಿ ದಂಡವಾಗಲಿಲ್ಲ.

ಪ್ರಶ್ನೆ: ಅಷ್ಟು ದೊಡ್ಡ ರಂಗಮಂದಿರವನ್ನು ಕಾಡಿನ ನಡುವೆ ಏಕೆ ಕಟ್ಟಿದರು? ಅಲ್ಲಿ ನಗರವಿತ್ತೇ? (ಶಿರಸಿ)

ಉತ್ತರ: ನಗರವಲ್ಲ, ಆಸ್ಪತ್ರೆಯಿತ್ತು, ಆಸ್ಪತ್ರೆ ಮತ್ತು ಪುಣ್ಯಕ್ಷೇತ್ರ ಎರಡೂ ಸೇರಿದ ಜಾಗವೆಂದರೆ ಹೆಚ್ಚು ಸರಿ. ಅದು ವೈದ್ಯದೇವತೆ ಅಸ್ಕ್ಲೇಪಿಯಸ್‌ನ ನೆಲೆ. ರೋಗಿಗಳು ದೂರದೂರದಿಂದ ಬಂದು, ಸ್ನಾನ ಮಾಡಿ, ಬಲಿ ಕೊಟ್ಟು, ಗುಡಿಯ ಪಕ್ಕದ ಉದ್ದನೆಯ ಮೊಗಸಾಲೆಯಲ್ಲಿ ಮಲಗುತ್ತಿದ್ದರು. ಕನಸಿನಲ್ಲಿ ದೇವರು ಬಂದು ವಾಸಿಮಾಡುತ್ತಾನೆ ಅಥವಾ ಚಿಕಿತ್ಸೆ ಹೇಳುತ್ತಾನೆ ಎಂಬುದು ನಂಬಿಕೆ. ಅಲ್ಲಿ ಹಾವುಗಳು ಪವಿತ್ರ. ವೈದ್ಯರ ಚಿಹ್ನೆಯಲ್ಲಿ ಇಂದಿಗೂ ಕೋಲಿಗೆ ಸುತ್ತಿಕೊಂಡಿರುವ ಹಾವು ಅಸ್ಕ್ಲೇಪಿಯಸ್‌ನದೇ. ವಾಸಿಯಾದವರ ವೃತ್ತಾಂತಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದರು; ಅಲ್ಲಿನ ಸಣ್ಣ ಮ್ಯೂಸಿಯಂನಲ್ಲಿ ಅಂಥ ಶಾಸನಗಳನ್ನು, ವೈದ್ಯರ ಲೋಹದ ಉಪಕರಣಗಳನ್ನು ನೋಡಬಹುದು. ನಾಟಕ, ಸಂಗೀತ, ಕ್ರೀಡೆಗಳೆಲ್ಲ ಆ ದೇವರ ಉತ್ಸವದ ಅಂಗಗಳಾಗಿದ್ದವು. ಜಾತ್ರೆಯಲ್ಲಿ ಬಯಲಾಟ ಆಡಿಸುವ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೇಸರದ ಸಂಗತಿಯೆಂದರೆ ಬಹುತೇಕ ಪ್ರವಾಸಿಗಳು ರಂಗಮಂದಿರ ನೋಡಿ ಅಲ್ಲಿಂದಲೇ ಹಿಂದಿರುಗುತ್ತಾರೆ, ಪೈನ್ ಮರಗಳಡಿಯ ಆ ಕ್ಷೇತ್ರದತ್ತ ತಿರುಗುವುದೂ ಇಲ್ಲ.

ಪ್ರಶ್ನೆ: ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯೆಂದು ಓದಿದ್ದೇನೆ. ಅದನ್ನು ಆಡಿದ್ದು ಎಪಿಡೌರಸಿನಲ್ಲೇ? ಅದರ ಪ್ರತಿಯನ್ನು ಅಲ್ಲಿ ನೋಡಬಹುದೇ? (ಕನ್ನಡ ಅಧ್ಯಾಪಕ, ಶಿವಮೊಗ್ಗ)

ಉತ್ತರ: ಇಲ್ಲ, ಆ ಪ್ರಹಸನಕ್ಕೂ ಎಪಿಡೌರಸಿಗೂ ಸಂಬಂಧವಿಲ್ಲ. ಅದರ ಹಸ್ತಪ್ರತಿ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಪುರಾತನ ಕಸದ ತಿಪ್ಪೆಯಲ್ಲಿ, ಅಚ್ಚಾದದ್ದು 1903ರಲ್ಲಿ. ಭಾರತದ ಕರಾವಳಿಯಲ್ಲಿ ಸೆರೆಯಾದ ಕರಿಶನ್ ಎಂಬ ಗ್ರೀಕ್ ಯುವತಿಯನ್ನು, ಅಲ್ಲಿನ ರಾಜನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದು ಕಥೆ. ಆ ರಾಜ ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು ಜರ್ಮನಿಯ ಶಾಸನತಜ್ಞ ಹುಲ್ಶ್ 1904ರಲ್ಲಿ ವಾದಿಸಿದರು, ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು. ಅದು ತುಳು ಎಂದವರಿದ್ದಾರೆ, ನಗಿಸಲು ಹೊಸೆದ ಅರ್ಥಹೀನ ಸದ್ದು ಎಂದವರೂ ಇದ್ದಾರೆ. ವಿದ್ವಾಂಸರಲ್ಲಿ ಒಮ್ಮತ ಮೂಡಿಲ್ಲ.

ಎಪಿಡೌರಸಿಗೂ ಕನ್ನಡಕ್ಕೂ ನಂಟು ಬೇಕೇಬೇಕೆಂದರೆ ಅದು ಬೇರೆ ದಾರಿಯಲ್ಲಿದೆ. ಅಲ್ಲಿನ ಉತ್ಸವದಲ್ಲಿ ಆಡುವ ಈಸ್ಕಿಲಸ್, ಸೊಫೊಕ್ಲೀಸರ ದುರಂತಗಳನ್ನು ರುದ್ರನಾಟಕಗಳೆಂದು ಕರೆದು, ಸೊಫೊಕ್ಲೀಸನ ‘ಅಜಾಕ್ಸ್’ ಅನ್ನು ‘ಅಶ್ವತ್ಥಾಮನ್’ ಆಗಿಸಿ ಬಿ.ಎಂ.ಶ್ರೀಯವರು ಕನ್ನಡಕ್ಕೆ ತಂದರು. ಕನ್ನಡ ಅಧ್ಯಾಪಕರಾದ ತಮಗೆ ಇದನ್ನು ನಾನು ಹೇಳಬೇಕಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ಒಲಿಂಪಿಯಾಕ್ಕೆ ಹೋಗುವುದು ಬಹುದಿನದ ಆಸೆ. ಆದರೆ ಹೋಗಿಬಂದ ಸ್ನೇಹಿತರು ಅಲ್ಲಿ ಬಿದ್ದ ಕಲ್ಲುಗಳ ಹೊರತು ಏನೂ ಇಲ್ಲ ಎನ್ನುತ್ತಾರೆ. (ಹಾಸನ)

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಆದರೆ ಆ ಕಲ್ಲುಗಳು ಬಿದ್ದಿರುವ ರೀತಿಯೇ ನೋಡುವಂಥದ್ದು. ಕ್ರಿ.ಶ. ಆರನೆಯ ಶತಮಾನದ ಭೂಕಂಪಗಳಲ್ಲಿ ಗ್ರೀಕರ ದೇವರಾಜ ಸ್ಯೂಸ್‌ನ ದೇವಾಲಯದ ಭಾರಿ ಕಂಬಗಳು ಉರುಳಿದಾಗ, ಒಂದರ ಮೇಲೊಂದು ಪೇರಿಸಿದ್ದ ದುಂಡನೆಯ ತುಂಡುಗಳು ಹೆಚ್ಚಿಟ್ಟ ಸೌತೆಕಾಯಿ ಬಿಲ್ಲೆಗಳಂತೆ ಸಾಲಾಗಿ ಓರೆಗೆ ಮಲಗಿದವು. ಹಾಗೆಯೇ ಇವೆ. ಹತ್ತಿರ ಹೋಗಿ ಕಲ್ಲಿನ ಮೈ ನೋಡಿ: ಅದರ ತುಂಬ ಚಿಪ್ಪುಗಳು. ಅಮೃತಶಿಲೆ ಆ ಭಾಗದಲ್ಲಿ ಸಿಗದ ಕಾರಣ ಚಿಪ್ಪುಗಳಿಂದಾದ ಒರಟು ಸುಣ್ಣಕಲ್ಲಿನಲ್ಲೇ ಕಟ್ಟಿ, ಮೇಲೆ ಬಿಳಿ ಗಾರೆ ಬಳಿದು ಅಮೃತಶಿಲೆಯಂತೆ ಕಾಣುವ ಹಾಗೆ ಮಾಡಿದ್ದರು. ಗಾರೆ ಉದುರಿಹೋಗಿ, ಸಮುದ್ರದ ಚಿಪ್ಪು ಉಳಿದಿದೆ. ಕಂಬ ನಿಂತಿದ್ದಾಗಿನ ಎತ್ತರದ ಅಂದಾಜಿಗೆ 2004ರಲ್ಲಿ ಒಂದು ಕಂಬವನ್ನು ಮಾತ್ರ ಮತ್ತೆ ಎತ್ತಿ ನಿಲ್ಲಿಸಿದ್ದಾರೆ.

ಆ ದೇವಾಲಯದೊಳಗೆ ಶಿಲ್ಪಿ ಫಿಡಿಯಸ್ ಮಾಡಿದ, ಚಿನ್ನ ಮತ್ತು ದಂತದ, ಸುಮಾರು ಹನ್ನೆರಡು ಮೀಟರ್ ಎತ್ತರದ ಸ್ಯೂಸ್ ವಿಗ್ರಹವಿತ್ತು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಅದೊಂದು. ವಿಗ್ರಹ ಹೋಯಿತು. ಫಿಡಿಯಸ್‌ನ ಕಾರ್ಯಾಗಾರದ ಗೋಡೆಗಳು ಮಾತ್ರ ಮುಂದೆ ಚರ್ಚಾಗಿ ಬದಲಾದ ಕಾರಣ ಉಳಿದುಕೊಂಡವು. ಅಗೆದಾಗ ಅಲ್ಲಿ ಕಪ್ಪು ಮೆರುಗಿನ ಒಂದು ಪುಟ್ಟ ಮಣ್ಣಿನ ಕುಡಿಕೆ ಸಿಕ್ಕಿತು. ಅದರ ತಳದಲ್ಲಿ ಗೀಚಿದ ಅಕ್ಷರಗಳ ಅರ್ಥ ‘ನಾನು ಫಿಡಿಯಸ್‌ನವನು’ ಎಂದು. ಮ್ಯೂಸಿಯಂನಲ್ಲಿ ಪ್ರಾಕ್ಸಿಟೆಲೀಸನ ಹರ್ಮಿಸ್ ಪ್ರತಿಮೆಯ ಮುಂದೆ ಜನ ತುಂಬಿರುತ್ತಾರೆ, ಅದು ನೋಡತಕ್ಕದ್ದೇ. ಆದರೆ ಈ ಕುಡಿಕೆಯನ್ನು ಹುಡುಕಿ ನೋಡಿ. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು.

ನಿಮ್ಮ ವೃತ್ತಿಗೆ ಹತ್ತಿರವಾದದ್ದು ಕ್ರೀಡಾಂಗಣ. ಕಮಾನಿನ ಸುರಂಗದಿಂದ ಒಳಹೋಗುವ ಮುನ್ನ ಎಡಬದಿಯಲ್ಲಿ ಸಾಲಾಗಿ ಕಲ್ಲಿನ ಪೀಠಗಳಿವೆ, ಒಟ್ಟು ಹದಿನಾರು. ಮೋಸ ಮಾಡಿ ಸಿಕ್ಕಿಬಿದ್ದವರ ದಂಡದ ಹಣದಿಂದ ಮಾಡಿಸಿದ ಸ್ಯೂಸ್‌ನ ಕಂಚಿನ ವಿಗ್ರಹಗಳು ಅವುಗಳ ಮೇಲಿದ್ದವು. ಕ್ರಿ.ಪೂ. 388ರಲ್ಲಿ ಥೆಸಲಿಯ ಯೂಪೊಲಸ್ ಎಂಬ ಮುಷ್ಟಿಮಲ್ಲ ತನ್ನ ಮೂವರು ಎದುರಾಳಿಗಳಿಗೆ ಲಂಚ ಕೊಟ್ಟ. ಮೊದಲ ಆರು ವಿಗ್ರಹಗಳು ಆ ಪ್ರಕರಣದ ಫಲ. ಸ್ಪರ್ಧಿಗಳು ಅಂಗಣಕ್ಕೆ ಇಳಿಯುವ ಮುನ್ನ ನೋಡಲೇಬೇಕಾದ ಜಾಗದಲ್ಲಿ ಇವನ್ನು ನಿಲ್ಲಿಸಿದ್ದು ಆಕಸ್ಮಿಕವಲ್ಲ.

ಒಳಗೆ ಕಲ್ಲಿನ ಆಸನಗಳಿಲ್ಲ. ಸುಮಾರು ನಲವತ್ತೈದು ಸಾವಿರ ಜನ ಹುಲ್ಲಿನ ದಿಬ್ಬಗಳ ಮೇಲೆ ಕುಳಿತು ನೋಡುತ್ತಿದ್ದರು. ಓಟದ ಉದ್ದ 192.27 ಮೀಟರ್. ಆರಂಭದ ಗೆರೆ ಕಲ್ಲಿನದು; ಅದರಲ್ಲಿ ಅಕ್ಕಪಕ್ಕ ಎರಡು ಕಿರಿದಾದ ಕೊರಕಲುಗಳಿವೆ. ಓಟಗಾರ ಒಂದು ಕಾಲಿನ ಬೆರಳನ್ನು ಮುಂದಿನದರಲ್ಲಿ, ಇನ್ನೊಂದರದನ್ನು ಹಿಂದಿನದರಲ್ಲಿ ಊರಿ, ನಿಂತಂತೆಯೇ ಹೊರಡುತ್ತಿದ್ದ. ಬೂಟು ಕಳಚಿ ಆ ಕೊರಕಲಿನಲ್ಲಿ ಬೆರಳಿಟ್ಟು ನಿಂತು ನೋಡಿ. ಎರಡೂ ಪಾದಗಳು ಎಷ್ಟು ಹತ್ತಿರ ಬರುತ್ತವೆಂಬುದು, ಮಕ್ಕಳಿಗೆ ಓಟ ಕಲಿಸುವ ನಿಮಗೆ ನನಗಿಂತ ಚೆನ್ನಾಗಿ ಅರ್ಥವಾದೀತು. ನಂತರ ಒಂದು ಸುತ್ತು ಓಡಿ, ಯಾರೂ ತಡೆಯುವುದಿಲ್ಲ.

ಒಲಿಂಪಿಕ್ ಜ್ಯೋತಿಯನ್ನು ಹೆರಾ ದೇವಾಲಯದ ಮುಂದೆ ಬಾಗುಗನ್ನಡಿಯಿಂದ ಸೂರ್ಯನ ಬಿಸಿಲಿನಲ್ಲಿ ಹೊತ್ತಿಸುತ್ತಾರೆ. ಅದನ್ನು ಕೈಯಿಂದ ಕೈಗೆ ದಾಟಿಸಿ ಒಯ್ಯುವ ಓಟ ಪುರಾತನ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. 1936ರ ಬರ್ಲಿನ್ ಕ್ರೀಡಾಕೂಟದಲ್ಲಿ ಶುರುವಾಯಿತು.

ಪ್ರಶ್ನೆ: ಕೊರಿಂತ್ ಕಾಲುವೆ ನೋಡಲು ಒಂದು ದಿನ ಬೇಕೇ? (ಬೆಳಗಾವಿ)

ಉತ್ತರ: ಅರ್ಧ ಗಂಟೆ ಸಾಕು. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ, ಚಹಾ ಕುಡಿದು ಮುಂದೆ ಸಾಗಿ. ಆರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ ಈ ಕಾಲುವೆಯನ್ನು ಕ್ರಿ.ಶ. 67ರಲ್ಲಿ ರೋಮಿನ ನೀರೋ ಆರಂಭಿಸಿದ, ಮುಗಿದದ್ದು 1893ರಲ್ಲಿ. ಅಷ್ಟು ಕಾದು ಮುಗಿಸಿದರೂ ಇಂದಿನ ದೊಡ್ಡ ಹಡಗುಗಳಿಗೆ ಅದು ತೀರ ಇಕ್ಕಟ್ಟು. ಉಳಿದ ಸಮಯವನ್ನು ಹಳೆಯ ಕೊರಿಂತ್‌ಗೆ ಕೊಡಿ: ಅಲ್ಲಿನ ಅಪೊಲೊ ದೇವಾಲಯದ ಏಳು ಕಂಬಗಳು ಒಂದೊಂದೂ ಏಕಶಿಲೆಯವು.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದವರು. ಅಲ್ಲಿ ಊಟಕ್ಕೆ ಏನು ಮಾಡುವುದು? ಅವಲಕ್ಕಿ, ಚಟ್ನಿಪುಡಿ ಒಯ್ಯಬೇಕೇ? (ಉಡುಪಿ)

ಉತ್ತರ: ಚಟ್ನಿಪುಡಿ ಒಯ್ಯುವುದನ್ನು ನಾನೆಂದೂ ಬೇಡವೆನ್ನಲಾರೆ. ಆದರೆ ಹಸಿದಿರಬೇಕಾದ ಪ್ರಮೇಯವಿಲ್ಲ. ಆರ್ಥಡಾಕ್ಸ್ ಕ್ರೈಸ್ತರಿಗೆ ವರ್ಷದ ಅರ್ಧದಷ್ಟು ದಿನಗಳು ವ್ರತದ ದಿನಗಳು. ಆಗ ಮಾಂಸ, ಹಾಲು, ಮೊಟ್ಟೆ ಮೂರೂ ವರ್ಜ್ಯ. ಆ ಬಗೆಯ ಅಡುಗೆಗೆ ‘ನಿಸ್ತೀಸಿಮೊ’ ಎನ್ನುತ್ತಾರೆ. ಈ ಒಂದು ಪದ ಕಲಿತರೆ ದಪ್ಪ ಬಿಳಿ ಅವರೆಯಂಥ ಕಾಳಿನ ‘ಯಿಗಾಂದೆಸ್’, ಬೀನ್ಸ್ ಕಾಳಿನ ಸಾರು ‘ಫಸೊಲಾದಾ’, ಬೇಯಿಸಿದ ಕಾಡುಸೊಪ್ಪಿನ ‘ಹೊರ್ತಾ’, ಬದನೆ ಆಲೂಗಡ್ಡೆಗಳ ‘ಬ್ರಿಯಾಮ್’ ಎಲ್ಲ ಸಿಗುತ್ತವೆ. ಒಂದು ಅಪಾಯವಿದೆ: ವ್ರತದಲ್ಲಿ ಸೀಗಡಿ, ಅಷ್ಟಪಾದಿಗಳಿಗೆ ಅವರಲ್ಲಿ ನಿಷೇಧವಿಲ್ಲ, ಆದ್ದರಿಂದ ಅದನ್ನು ಬೇರೆಯಾಗಿ ಕೇಳಿ. ಟೊಮೆಟೊದೊಳಗೆ ಅಕ್ಕಿ ತುಂಬಿ ಬೇಯಿಸಿದ ‘ಯೆಮಿಸ್ತಾ’ ನಮ್ಮವರಿಗೆ ಬಹಳ ಹಿಡಿಸುತ್ತದೆ. ಕೆಲವೆಡೆ ಅದರಲ್ಲಿ ಕೊಚ್ಚಿದ ಮಾಂಸ ಸೇರಿಸುವುದರಿಂದ ಅದನ್ನೂ ವಿಚಾರಿಸಿಯೇ ತಿನ್ನಬೇಕು.

ವಿಚಾರಿಸುವಾಗ ನೆನಪಿಡಿ: ಗ್ರೀಕಿನಲ್ಲಿ ‘ನೆ’ ಎಂದರೆ ಹೌದು, ‘ಓಹಿ’ ಎಂದರೆ ಇಲ್ಲ. ನಮ್ಮ ಕಿವಿಗೆ ‘ಓಹಿ’ ಎಂಬುದು ‘ಓಹೋ’ ಎಂದು ಒಪ್ಪಿದಂತೆ ಕೇಳಿ ಗೊಂದಲವಾಗುತ್ತದೆ. ತಲೆಯನ್ನು ಹಿಂದಕ್ಕೆ ಎಸೆದು ‘ಚ್’ ಎಂದರೆ ಮಾತ್ರ ಭಾಷಾಂತರ ಬೇಕಿಲ್ಲ.

ಪ್ರಶ್ನೆ: ಸ್ಪಾರ್ಟಾದಲ್ಲಿ ನೋಡಲು ಏನಿದೆ? ಅದರ ಪಕ್ಕದ ಮಿಸ್ತ್ರಾಸನ್ನು ಗ್ರೀಸಿನ ಹಂಪಿ ಎನ್ನುತ್ತಾರಂತೆ, ಹೌದೇ? (ಹೊಸಪೇಟೆ)

ಉತ್ತರ: ಸ್ಪಾರ್ಟಾದಲ್ಲಿ ನೋಡಲು ಹೆಚ್ಚೇನಿಲ್ಲ. ಆ ನಗರ ಹಾಳಾಗಿ ತಳಪಾಯಗಳಷ್ಟೇ ಉಳಿದರೆ, ಅದಕ್ಕೆ ಅಷ್ಟು ಬಲವಿತ್ತೆಂದು ಮುಂದಿನವರು ನಂಬಲಾರರೆಂದು ಇತಿಹಾಸಕಾರ ಥ್ಯೂಸಿಡಿಡೀಸ್ ಎರಡೂವರೆ ಸಾವಿರ ವರ್ಷಗಳ ಹತ್ತಿರ ಹಿಂದೆಯೇ ಬರೆದಿಟ್ಟಿದ್ದಾನೆ; ಹಾಗೆಯೇ ಆಗಿದೆ. ಆಲಿವ್ ಮರಗಳ ನಡುವೆ ಕೆಲವು ಅವಶೇಷಗಳು, ಸ್ಪಾರ್ಟಾದ ಹಿಂದಿನ ರಾಜ ಲಿಯೊನಿಡಾಸ್‌ನ ಒಂದು ಹೊಸ ಪ್ರತಿಮೆ, ಚಿಕ್ಕ ಮ್ಯೂಸಿಯಂ.

ಮಿಸ್ತ್ರಾಸ್ ಹಾಗಲ್ಲ. ಹಂಪಿಯ ಹೋಲಿಕೆ ನಿಮ್ಮೂರಿನವರಿಗೆ ಸಹಜವಾದರೂ ಅರ್ಧ ಮಾತ್ರ ಸರಿ. ಹಂಪಿ ಬಯಲಿನಲ್ಲಿ ಹರಡಿದೆ. ಮಿಸ್ತ್ರಾಸ್ ಒಂದೇ ಕಡಿದಾದ ಗುಡ್ಡದ ಮೈಗೆ ಮೇಲಿಂದ ಕೆಳಗಿನವರೆಗೆ ಅಂಟಿಕೊಂಡಿದೆ. ಹಂಪಿಯಂತೆ ಯುದ್ಧದ ಬೆನ್ನಿಗೆ ಒಮ್ಮೆಲೇ ಹಾಳಾದ ಊರೂ ಇದಲ್ಲ. ಫ್ರಾನ್ಸಿನಿಂದ ಬಂದ ವಿಲಾರ್ದುಯಿನ್ ಮನೆತನದ ವಿಲಿಯಂ 1249ರಲ್ಲಿ ತುದಿಯ ಕೋಟೆ ಕಟ್ಟಿಸಿದ. ಹದಿಮೂರು ವರ್ಷಗಳಲ್ಲಿ ಅದು ಬೈಜಾಂಟಿಯದ, ಎಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕೈಸೇರಿತು. ಕಡೆಯ ಬೈಜಾಂಟಿಯ ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನ್ 1449ರ ಜನವರಿಯಲ್ಲಿ ಚಕ್ರವರ್ತಿಯೆಂದು ಘೋಷಿತನಾದದ್ದು ಇಲ್ಲಿಯೇ. ನಾಲ್ಕು ವರ್ಷಗಳ ಬಳಿಕ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಬಿದ್ದ ದಿನ ಅವನೂ ಮಡಿದ. ಮಿಸ್ತ್ರಾಸ್ 1460ರಲ್ಲಿ ತುರ್ಕರ ವಶವಾಯಿತು, ಆದರೂ ಜನ ಅಲ್ಲಿಯೇ ಬಾಳಿದರು. 1834ರಲ್ಲಿ ಕೆಳಗಿನ ಬಯಲಿನಲ್ಲಿ ಹೊಸ ಸ್ಪಾರ್ಟಾ ಹುಟ್ಟಿದ ಮೇಲೆ ಅವರು ಮೆಲ್ಲನೆ ಇಳಿದು ಹೋದರು.

ಅದಕ್ಕೆ ಎರಡು ಬಾಗಿಲುಗಳಿವೆ. ವಾಹನದಲ್ಲಿ ಮೇಲಿನ ಬಾಗಿಲಿಗೆ ಹೋಗಿ ಅಲ್ಲಿಂದ ಇಳಿಯುತ್ತ ಬರುವುದು ಜಾಣತನ. ಕೆಳಗಿನಿಂದ ಹತ್ತಲು ಹೊರಟವರ ಮುಖ ಮಧ್ಯಾಹ್ನದ ಹೊತ್ತಿಗೆ ನೋಡುವಂತಿರುವುದಿಲ್ಲ. ಪೆರಿಬ್ಲೆಪ್ಟೊಸ್ ಚರ್ಚಿನ ಭಿತ್ತಿಚಿತ್ರಗಳಿಗೆ ಹೊತ್ತು ಉಳಿಸಿಕೊಳ್ಳಿ. ಕಣ್ಣು ಒಳಗಿನ ಕತ್ತಲೆಗೆ ಹೊಂದಿಕೊಂಡ ಮೇಲಷ್ಟೇ ಬಣ್ಣಗಳು ಒಂದೊಂದಾಗಿ ಕಾಣತೊಡಗುತ್ತವೆ. ಸಂತ ದಿಮಿತ್ರಿಯೊಸ್ ಚರ್ಚಿನ ನೆಲದಲ್ಲಿ ಎರಡು ತಲೆಯ ಹದ್ದನ್ನು ಕೆತ್ತಿದ ಕಲ್ಲೊಂದಿದೆ. ಅದನ್ನು ಕಂಡ ಕೂಡಲೇ ಗಂಡಭೇರುಂಡವೆಂದು ಉದ್ಗರಿಸಿದ ನನಗೆ, ಅದು ಬೈಜಾಂಟಿಯದ ರಾಜಲಾಂಛನವೆಂದು ಜೊತೆಯಲ್ಲಿದ್ದವರು ತಿದ್ದಬೇಕಾಯಿತು.

ಅಷ್ಟು ದೊಡ್ಡ ಹಾಳೂರಿನಲ್ಲಿ ಈಗ ವಾಸವಿರುವುದು ಪಂತಾನಾಸ್ಸಾ ಮಠದ ಕೆಲವೇ ಸನ್ಯಾಸಿನಿಯರು. ಅಂಗಳದಲ್ಲಿ ಹೂವಿನ ಕುಂಡಗಳು, ಸುಣ್ಣ ಬಳಿದ ಮೆಟ್ಟಿಲು, ಬೆಕ್ಕುಗಳು. ಹಿಂದೆ ಎವ್ರೊಟಾಸ್ ನದಿಯ ಬಯಲು ಪೂರ್ತಿ ಕಾಣುತ್ತದೆ. ತಾವೇ ಹಾಕಿದ ಕಸೂತಿಯ ಬಟ್ಟೆಗಳನ್ನು ಅವರು ಮಾರುತ್ತಾರೆ. ಭುಜ, ಮಂಡಿ ಮುಚ್ಚುವ ಉಡುಪಿನಲ್ಲಿ ಹೋಗಿ. ಸೀರೆ ಉಟ್ಟವರಿಗೆ ಬಾಗಿಲಲ್ಲಿ ಯಾವ ತಕರಾರೂ ಇರುವುದಿಲ್ಲ.

ಪ್ರಶ್ನೆ: ನಾಫ್ಪ್ಲಿಯೊದಲ್ಲಿ ಸಂಜೆ ಹೊತ್ತು ಹೇಗೆ ಕಳೆಯುವುದು? ಕಾರು ಓಡಿಸಲು ನಮ್ಮ ಲೈಸೆನ್ಸ್ ಸಾಕೇ? (ಬೆಂಗಳೂರು)

ಉತ್ತರ: ಎರಡನೆಯದಕ್ಕೆ ಮೊದಲು: ಹೊರಡುವ ಮುನ್ನ ನಿಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಕಾರು ಬೇಡವೆಂದರೆ ಅಥೆನ್ಸಿನಿಂದ ಊರೂರುಗಳಿಗೆ ಓಡುವ ಕೆಟೆಲ್ ಬಸ್ಸುಗಳಿವೆ; ನಾಫ್ಪ್ಲಿಯೊಕ್ಕೆ ರೈಲಿಲ್ಲ.

ನಾಫ್ಪ್ಲಿಯೊ 1834ರವರೆಗೆ ಹೊಸ ಗ್ರೀಸಿನ ರಾಜಧಾನಿಯಾಗಿತ್ತು. ಬೆಳಿಗ್ಗೆ ಬಿಸಿಲೇರುವ ಮುನ್ನ ವೆನಿಸ್ಸಿನವರು 1711ರಿಂದ 1714ರವರೆಗೆ ಕಟ್ಟಿದ ಪಲಮಿದಿ ಕೋಟೆ ಹತ್ತಿ. ಮೆಟ್ಟಿಲು 999 ಎಂದು ಊರವರು ಹೇಳುತ್ತಾರೆ, ಎಣಿಸಿದವರಿಗೆ ಅಷ್ಟು ಸಿಕ್ಕಿಲ್ಲ. ಸಂಜೆಗೆ ಅಮೃತಶಿಲೆ ಹಾಸಿದ ಚೌಕದಲ್ಲಿ ಕಾಫಿ ಕುಡಿದು, ಹಿಂದಿನ ಕಿರಿದಾದ ಬೀದಿಗಳಲ್ಲಿ ಸಂತ ಸ್ಪಿರಿದೋನ್ ಚರ್ಚನ್ನು ಹುಡುಕಿ. ದೇಶದ ಮೊದಲ ಆಡಳಿತಗಾರ ಇಯೊನಿಸ್ ಕಪೊದಿಸ್ತ್ರಿಯಾಸ್ 1831ರ ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಬಂದಾಗ, ತಮ್ಮ ಮನೆತನದ ಯಜಮಾನನನ್ನು ಸೆರೆಯಲ್ಲಿಟ್ಟ ಸಿಟ್ಟಿಗೆ ಮಾನಿ ಸೀಮೆಯ ಮಾವ್ರೊಮಿಖಾಲಿಸ್ ವಂಶದ ಇಬ್ಬರು ಅವನನ್ನು ಈ ಬಾಗಿಲಲ್ಲೇ ಕೊಂದರು. ಗುಂಡು ತಾಗಿದ್ದೆಂದು ಹೇಳುವ ಗುರುತು ಬಾಗಿಲ ಪಕ್ಕದ ಗೋಡೆಯಲ್ಲಿದೆ. ಅದರ ಮೇಲೆ ಅಂಗೈ ಅಗಲದ ಗಾಜೊಂದನ್ನು ಕೂರಿಸಿದ್ದಾರೆ. ಒಳಗೆ ಕಾಣುವುದು ಒಂದು ಸಣ್ಣ ಕುಳಿ. ಬೀದಿದೀಪ ಹತ್ತಿದ ಮೇಲೆ ಗಾಜು ಹೊಳೆದು ಕುಳಿ ಕಾಣುವುದಿಲ್ಲ, ಸ್ವಲ್ಪ ಬೆಳಕಿರುವಾಗಲೇ ಹೋಗಿ.